ನಲವತ್ತೆರಡು ಸ್ಲೈಡುಗಳು, ಒಂದು ಸಹಿ

ಮನುಷ್ಯನ ಕರುಳಿನಲ್ಲಿ ಬಾಡಿಗೆ ಕೊಡದೆ ವಾಸಿಸುವ ಹುಳುಗಳ ವಿಷಯದಲ್ಲಿ ನಮ್ಮ ಇಲಾಖೆಯ ಯಾರಿಗೆ ಯಾವ ಅನುಮಾನ ಬಂದರೂ ಅವರು ಕೊನೆಗೆ ಹೋಗಿ ತಟ್ಟುತ್ತಿದ್ದ ಬಾಗಿಲು ಒಂದೇ ಆಗಿತ್ತು. ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಔಷಧಿ ಉಗ್ರಾಣಕ್ಕೂ ನಡುವೆ ಸಿಕ್ಕಿಕೊಂಡಿರುವ ಪ್ರಯೋಗಾಲಯದಲ್ಲಿ ಮೂವತ್ತಾರು ವರ್ಷ ಮೈಕ್ರೋಸ್ಕೋಪಿನ ಮುಂದೆ ಕುಳಿತು, ಲಕ್ಷಾಂತರ ಜನರ ಹೊಟ್ಟೆಯ ಗುಟ್ಟನ್ನು ಕಂಡು, ಯಾರ ಗುಟ್ಟನ್ನೂ ಯಾರಿಗೂ ಬಿಟ್ಟುಕೊಡದೆ, ಈ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಿರುವ ನಮ್ಮ ಹಿರಿಯ ತಂತ್ರಜ್ಞೆಯವರನ್ನು ಅಭಿನಂದಿಸುವ ಈ ಸಂಪುಟದಲ್ಲಿ ನನಗೂ ಒಂದಿಷ್ಟು ಜಾಗ ಕೊಟ್ಟ ಸಂಪಾದಕ ಮಂಡಳಿಗೆ ಕೃತಜ್ಞನಾಗಿದ್ದೇನೆ. ವೈದ್ಯರಿಗೆ ಹೆಸರಿರುತ್ತದೆ, ಶಸ್ತ್ರಚಿಕಿತ್ಸಕರಿಗೆ ಕೀರ್ತಿಯಿರುತ್ತದೆ. ಮಲ ಪರೀಕ್ಷೆ ಮಾಡುವವರಿಗೆ ಇರುವುದು ಊಟದ ಹೊತ್ತಿನಲ್ಲಿ ಒಂದು ಕುರ್ಚಿ ಆಚೆ ಸರಿದು ಕೂರುವ ನೆಂಟರು ಮಾತ್ರ. ಅಂಥ ಕೆಲಸಕ್ಕೆ ಒಂದು ಘನತೆ ತಂದುಕೊಟ್ಟವರು ಮೇಡಂ ಅವರು.

ಸಂಪಾದಕರು ನನಗೆ ಕಳಿಸಿದ ಪತ್ರದಲ್ಲಿ ಒಂದು ಸೂಚನೆಯೂ ಇತ್ತು. ಇಪ್ಪತ್ತನಾಲ್ಕು ವರ್ಷಗಳ ಹಿಂದಿನ ಆ ತಪ್ಪು ವರದಿಯ ಪ್ರಸಂಗವನ್ನು ಬಿಟ್ಟುಬಿಡಿ, ಶುಭ ಸಂದರ್ಭದಲ್ಲಿ ಅದೇಕೆ ಎಂದು ಬರೆದಿದ್ದರು. ಮೇಡಂ ಅವರ ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯ ಒಂದೇ ಒಂದು ಟಿಪ್ಪಣಿ ಇರುವುದು ಆ ವರದಿಗಾಗಿ. ಸಂಪಾದಕರ ಸದಾಶಯ ಅರ್ಥವಾಗುತ್ತದೆ. ಆದರೆ ಅದನ್ನು ಬಿಟ್ಟರೆ ಟಿಪ್ಪಣಿ ಅವರ ಹೆಸರಿನ ಮೇಲೆ ಹಾಗೆಯೇ ಉಳಿದುಬಿಡುತ್ತದೆ, ಮತ್ತು ಅದು ಅವರದಲ್ಲ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಅವರ ಸ್ಥಾನಕ್ಕೆ ಬರಬೇಕೆಂದು ಆದೇಶ ಪಡೆದಿರುವವನು ನಾನು. ಅಲ್ಲಿ ಕೂರುವ ಮೊದಲೇ ಇದನ್ನು ಹೇಳಿ ಮುಗಿಸಬೇಕಾಗಿದೆ.

ಮೇಡಂ ಅವರು ಕೆಲಸಕ್ಕೆ ಸೇರಿದಾಗ ಆ ಕೋಣೆಯಲ್ಲಿದ್ದದ್ದು ಒಂದು ಮೈಕ್ರೋಸ್ಕೋಪು, ಅದಕ್ಕೆ ಬೆಳಕು ಹಿಡಿದುಕೊಡುವ ಒಂದು ಪುಟ್ಟ ಕನ್ನಡಿ, ಪೂರ್ವಕ್ಕೆ ಒಂದು ಕಿಟಕಿ. ಮೋಡ ಬಂದರೆ ಪರೀಕ್ಷೆ ನಿಲ್ಲುತ್ತಿತ್ತು. ವರದಿಗಳಲ್ಲಿ ‘ಹುಳು ಇದೆ’ ಅಥವಾ ‘ಹುಳು ಇಲ್ಲ’ ಎಂಬ ಎರಡೇ ವಾಕ್ಯಗಳಿದ್ದವು. ಯಾವ ಹುಳು, ಎಷ್ಟು ಮೊಟ್ಟೆ ಎಂದು ಕೇಳುವವರಿರಲಿಲ್ಲ. ದುಂಡುಹುಳು ಗಂಟುಗಂಟಾಗಿ ಮಗುವಿನ ಕರುಳನ್ನೇ ಕಟ್ಟಿಹಾಕಬಲ್ಲದು, ಲಾಡಿಹುಳು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯಬಲ್ಲದು, ಕೊಕ್ಕೆಹುಳು ಬರಿಗಾಲಿನ ಚರ್ಮವನ್ನು ಕೊರೆದು ಒಳಹೊಕ್ಕು ಕರುಳಿಗೆ ಕಚ್ಚಿಕೊಂಡು ದಿನವೂ ಹನಿಹನಿಯಾಗಿ ರಕ್ತ ಹೀರಬಲ್ಲದು. ಇವೆಲ್ಲಕ್ಕೂ ಒಂದೇ ಹೆಸರಿಟ್ಟರೆ ಹೇಗೆ ಎಂಬುದು ಅವರ ಪ್ರಶ್ನೆಯಾಗಿತ್ತು. ಮೊದಲ ಐದು ವರ್ಷದಲ್ಲಿ ಅವರು ಎಣಿಸುವುದನ್ನು ಕಲಿತರು, ಮುಂದಿನ ಐದು ವರ್ಷದಲ್ಲಿ ಎಣಿಸುವುದನ್ನು ಉಳಿದವರಿಗೆ ಕಲಿಸಿದರು.

ಅವರನ್ನು ನಾವೆಲ್ಲ ಬೆನ್ನ ಹಿಂದೆ ‘ಗಡಿಯಾರದ ಮೇಡಂ’ ಎನ್ನುತ್ತಿದ್ದೆವು. ಅವರಿಗೂ ಅದು ಗೊತ್ತಿತ್ತು. ಹೆಸರು ಬಂದದ್ದು ಹೀಗೆ: ಮೊಟ್ಟೆ ಎಣಿಸಲು ಮಲವನ್ನು ಗಾಜಿನ ಪಟ್ಟಿಯ ಮೇಲೆ ದಪ್ಪಗೆ ಹಚ್ಚಿ, ಗ್ಲಿಸರಿನ್‌ನಲ್ಲಿ ನೆನೆಸಿದ ಸೆಲ್ಲೋಫೇನ್ ತುಂಡನ್ನು ಮೇಲೆ ಒತ್ತುತ್ತೇವೆ. ಗ್ಲಿಸರಿನ್ ನಿಧಾನವಾಗಿ ಎಲ್ಲವನ್ನೂ ತಿಳಿಯಾಗಿಸುತ್ತದೆ. ದುಂಡುಹುಳುವಿನ ಮೊಟ್ಟೆ ಗಟ್ಟಿ ಜೀವ, ಮರುದಿನ ನೋಡಿದರೂ ಕಾಣುತ್ತದೆ. ಕೊಕ್ಕೆಹುಳುವಿನ ಮೊಟ್ಟೆಯ ಸಿಪ್ಪೆ ತೀರ ತೆಳು. ಅರ್ಧ ಗಂಟೆಯೊಳಗೆ ನೋಡಿದರೆ ಉಂಟು, ಊಟ ಮುಗಿಸಿ ಬಂದು ನೋಡಿದರೆ ಇಲ್ಲ. ಎಲ್ಲೂ ಹೋಗಿರುವುದಿಲ್ಲ, ಗ್ಲಿಸರಿನ್‌ನಲ್ಲಿ ಕರಗಿದಂತೆ ಮಾಯವಾಗಿರುತ್ತದೆ ಅಷ್ಟೆ. ಆದ್ದರಿಂದ ಅವರು ರಿಜಿಸ್ಟರಿನಲ್ಲಿ ಸ್ಕೇಲಿಟ್ಟು ಎರಡು ಕಾಲಮ್ ಎಳೆದಿದ್ದರು: ಸ್ಲೈಡು ಮಾಡಿದ ಹೊತ್ತು, ಸ್ಲೈಡು ನೋಡಿದ ಹೊತ್ತು. ಹತ್ತು ಮಾಡು, ಹತ್ತು ನೋಡು, ಆಮೇಲೆ ಮತ್ತೆ ಹತ್ತು ಮಾಡು. ಇದು ಆ ಕೋಣೆಯ ಕಟ್ಟಳೆ.

ಮಲದ ಮಾದರಿ ತರುವವರ ಸಂಕೋಚ ಎಂಥದ್ದೆಂಬುದು ತಂದವರಿಗೇ ಗೊತ್ತು. ಒಬ್ಬ ಅಜ್ಜ ಹಾಲಿನ ಪುಡಿಯ ದೊಡ್ಡ ಡಬ್ಬಿಯನ್ನು ತುಂಬಿಸಿ, ಟವಲಿನಲ್ಲಿ ಸುತ್ತಿ, ಎರಡು ಕೈಯಲ್ಲಿ ಹಿಡಿದು ತಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೇಡಂ ಅವರು ಎದ್ದು ನಿಂತೇ ಅದನ್ನು ತೆಗೆದುಕೊಂಡರು.

“ಅಜ್ಜಾ, ಇಷ್ಟೊಂದು ಬೇಕಾಗಿರ್ಲಿಲ್ಲ. ಒಂದು ಚಮಚದಷ್ಟು ಸಾಕಿತ್ತು.”

“ಇರ್ಲಿ ತಾಯಿ, ಕಮ್ಮಿ ಬಿದ್ದು ನಿಮಗೆ ತೊಂದ್ರೆ ಆಗೋದು ಬೇಡ ಅಂತ.”

ಅಜ್ಜ ಮೆಟ್ಟಿಲಿಳಿದು ಹೋಗುವವರೆಗೆ ಅವರ ಮುಖದ ಒಂದು ಗೆರೆಯೂ ಅಲುಗಲಿಲ್ಲ. ಆಮೇಲೆ ಅವರು ನಕ್ಕ ನಗುವಿಗೆ ಪಕ್ಕದ ಕೋಣೆಯ ಅಗಸರು ಇಣುಕಿ ನೋಡಿದರು. ಮನೆಯಲ್ಲಿಯೂ ಅವರ ಮಾತು ಇದೇ ಜಾಡಿನದು. ಅವರ ಯಜಮಾನರು ದರ್ಜಿ, ಕಡಿಮೆ ಮಾತಿನವರು. ಒಮ್ಮೆ ನನ್ನ ಅಂಗಿಯ ಅಳತೆ ತೆಗೆಯುತ್ತ, “ಇಡೀ ದಿನ ಸುಮ್ನಿರ್ತಾಳಪ್ಪ, ನಾನು ತಟ್ಟೆಗೆ ಕೈ ಹಾಕಿದ ಕೂಡ್ಲೇ ಆಫೀಸಿನ ಕಥೆ ಶುರು ಮಾಡ್ತಾಳೆ. ನಾನು ಇಷ್ಟು ಸಣ್ಣಗಿರೋದಕ್ಕೆ ಹುಳ ಕಾರಣ ಅಲ್ಲ, ಹುಳದ ಕಥೆ ಕಾರಣ” ಎಂದಿದ್ದರು.

ನಾನು ಆ ಪ್ರಯೋಗಾಲಯಕ್ಕೆ ತಾತ್ಕಾಲಿಕ ನೌಕರನಾಗಿ ಸೇರಿದ್ದು ಇಪ್ಪತ್ತೈದು ವರ್ಷಗಳ ಹಿಂದೆ. ಮೊದಲ ದಿನ ಅಭ್ಯಾಸಬಲದಿಂದ ಕರವಸ್ತ್ರ ಮೂಗಿಗೆ ಹೋಯಿತು. ಮೇಡಂ ಅವರು ಹತ್ತಿರ ಬಂದು, ಬೇರೆ ಯಾರಿಗೂ ಕೇಳಿಸದ ಹಾಗೆ, “ಮೂಗು ಮುಚ್ಕೋಬೇಡಪ್ಪ. ತಂದೋರು ಕಿಟಕಿ ಹತ್ರ ನಿಂತು ನೋಡ್ತಿರ್ತಾರೆ” ಎಂದರು. ವೃತ್ತಿಯ ಬಗ್ಗೆ ನಾನು ಓದಿದ ಯಾವ ಪುಸ್ತಕದಲ್ಲಿಯೂ ಈ ಪಾಠ ಇರಲಿಲ್ಲ. ಆ ವರ್ಷವೇ ನನ್ನ ತಾಯಿ ಬಚ್ಚಲಿನಲ್ಲಿ ಜಾರಿ ಸೊಂಟ ಮುರಿದುಕೊಂಡಾಗ ಹನ್ನೊಂದು ದಿನ ನನ್ನ ಪಾಲಿನ ಸ್ಲೈಡುಗಳನ್ನೂ ಅವರೇ ನೋಡಿದರು. ಹಿಂತಿರುಗಿ ಬಂದಾಗ ನನ್ನ ಮೇಜಿನ ಮೇಲೆ ಬಾಕಿ ಕೆಲಸ ಒಂದೂ ಇರಲಿಲ್ಲ, ಅದರ ಪ್ರಸ್ತಾಪವೂ ಬರಲಿಲ್ಲ.

ಇಂಥವರಿಗೆ ನಾನು ತೀರಿಸಿದ ಋಣದ ಕಥೆ ಈಗ ಬರುತ್ತದೆ.

ನದಿಯ ಆಚೆ ದಡದಲ್ಲಿ ಇಟ್ಟಿಗೆ ಗೂಡುಗಳಿದ್ದವು. ಅಲ್ಲಿನ ಕೆಲಸಗಾರರು ಗೂಡಿನ ಸುತ್ತಲೇ ಗುಡಿಸಲು ಕಟ್ಟಿಕೊಂಡು, ಬರಿಗಾಲಿನಲ್ಲಿ ಜೇಡಿಮಣ್ಣು ತುಳಿದು, ಅದೇ ಬಯಲಿನ ಅಂಚಿನಲ್ಲಿ ಮಲವಿಸರ್ಜನೆ ಮಾಡಿ ಬದುಕುತ್ತಿದ್ದರು. ಯಾವ ಯಾವ ಬಡಾವಣೆಗೆ ಹುಳದ ಮಾತ್ರೆ ಹಂಚಬೇಕು ಎಂದು ತೀರ್ಮಾನಿಸಲು ಆರೋಗ್ಯ ಕಚೇರಿ ಸಮೀಕ್ಷೆ ನಡೆಸಿತ್ತು. ಅಲ್ಲಿನ ಒಂದು ಗೂಡಿನಿಂದ ನಲವತ್ತೆರಡು ಜನರ ಮಾದರಿ ಬಂತು, ಅದು ನನ್ನ ಪಾಲಿಗೆ ಬಿತ್ತು. ಹತ್ತು ಮಾಡು, ಹತ್ತು ನೋಡು ಎಂಬುದು ನನಗೆ ಆ ದಿನ ಅಜ್ಜಿಯ ಮಡಿಯಂತೆ ಕಂಡಿತು. ನಲವತ್ತೆರಡನ್ನೂ ಒಂದೇ ಉಸಿರಿಗೆ ಮಾಡಿ ಸಾಲಾಗಿ ಜೋಡಿಸಿದೆ. ಆಗ ಹನ್ನೊಂದೂ ಮುಕ್ಕಾಲು. ಅಷ್ಟರಲ್ಲಿ ನನ್ನ ಜೊತೆ ಓದಿದ ಗೆಳೆಯ ಬಂದ. ಅವನಿಗೆ ಬೇರೆ ಆಸ್ಪತ್ರೆಯಲ್ಲಿ ಕಾಯಂ ನೌಕರಿ ಆಗಿತ್ತು, ಕ್ಯಾಂಟೀನಿಗೆ ಎಳೆದುಕೊಂಡು ಹೋದ. ಮಾತಿನಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ. ಹಿಂದಿರುಗಿದಾಗ ಮೂರೂವರೆ ದಾಟಿತ್ತು.

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಆದರೆ ಆ ಕ್ಷಣ ನನ್ನ ಬುದ್ಧಿ ಚೆನ್ನಾಗಿಯೇ ಓಡಿತು, ಅದೇ ದುರದೃಷ್ಟ. ಹೊಸದಾಗಿ ಸ್ಲೈಡು ಮಾಡಬೇಕು ಎಂದು ಗೊತ್ತಿತ್ತು. ಮಾಡಿದರೆ ಸಂಜೆಯಾಗುತ್ತದೆ, ಎಲ್ಲಿ ಹೋಗಿದ್ದೆ ಎಂಬ ಪ್ರಶ್ನೆ ಬರುತ್ತದೆ. ಇದ್ದ ಸ್ಲೈಡುಗಳನ್ನೇ ನೋಡಿದೆ. ದುಂಡುಹುಳುವಿನ ಮೊಟ್ಟೆ ಕೆಲವುಗಳಲ್ಲಿ ಕಂಡಿತು, ಬರೆದೆ. ಕೊಕ್ಕೆಹುಳು ಒಂದರಲ್ಲಿಯೂ ಕಾಣಲಿಲ್ಲ, ‘ಇಲ್ಲ’ ಎಂದು ಬರೆದೆ. ಎರಡು ಕಾಲಮ್ಮಿನಲ್ಲಿಯೂ ಸುಳ್ಳು ಹೊತ್ತು ತುಂಬಿಸಿದೆ: ಮಾಡಿದ್ದು ಹನ್ನೊಂದು ನಲವತ್ತು, ನೋಡಿದ್ದು ಹನ್ನೆರಡು, ಹೀಗೆ ಹತ್ತು ಹತ್ತರ ಗುಂಪು ಮಾಡಿ, ಯಾವ ಅನುಮಾನವೂ ಬಾರದಷ್ಟು ಅಂದವಾಗಿ. ಮೇಡಂ ಅವರು ಪ್ರತಿ ಹತ್ತರಲ್ಲಿ ಒಂದು ಸ್ಲೈಡನ್ನು ಸಂಜೆ ತಾವೇ ಮತ್ತೆ ನೋಡುತ್ತಿದ್ದರು. ಆದರೆ ಕೊಕ್ಕೆಹುಳುವಿನ ಮಟ್ಟಿಗೆ ಸಂಜೆಯ ನೋಟ ಪ್ರಯೋಜನಕ್ಕಿಲ್ಲ. ಅಲ್ಲಿ ಅವರಿಗಿದ್ದ ಆಧಾರ ನಾನು ಬರೆದ ಹೊತ್ತು ಮಾತ್ರ. ಅವರು ಅದನ್ನು ನಂಬಿ ಸಹಿ ಹಾಕಿದರು. ಇಟ್ಟಿಗೆ ಗೂಡಿನಲ್ಲಿ ಕೊಕ್ಕೆಹುಳು ಇಲ್ಲ ಎಂದು ವರದಿ ಹೋಯಿತು, ಮಾತ್ರೆ ಹಂಚುವ ಪಟ್ಟಿಯಿಂದ ಗೂಡಿನ ಹೆಸರು ಬಿಟ್ಟುಹೋಯಿತು.

ನಾಲ್ಕು ತಿಂಗಳ ಮೇಲೆ ಒಂದು ಬೆಳಿಗ್ಗೆ ಇಟ್ಟಿಗೆ ತಳ್ಳುವ ಗಾಡಿಯ ಮೇಲೆ ಒಬ್ಬ ಹೆಂಗಸನ್ನು ಮಲಗಿಸಿಕೊಂಡು ಅವಳ ಗಂಡ ಮತ್ತು ಅತ್ತೆ ಆಸ್ಪತ್ರೆಗೆ ಬಂದರು. ಅವಳು ಗೂಡಿನಲ್ಲಿ ಇಟ್ಟಿಗೆಯ ಅಚ್ಚು ಹಾಕುವವಳು, ಮೂವತ್ತರ ಒಳಗಿನ ವಯಸ್ಸು. ಮುಖ ಊದಿ ಸುಣ್ಣ ಬಳಿದಂತಾಗಿತ್ತು, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಹಿಮೋಗ್ಲೋಬಿನ್ ಹನ್ನೆರಡು ಇರಬೇಕಾದಲ್ಲಿ ನಾಲ್ಕು ಪಾಯಿಂಟ್ ಎರಡು ಇತ್ತು. ವಾರ್ಡಿನ ವೈದ್ಯರ ಮುಂದೆ ನಮ್ಮ ವರದಿ ಇತ್ತಲ್ಲ, ಹಾಗಾಗಿ ಅವರು ಹುಳುವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ರಕ್ತದ ಕ್ಯಾನ್ಸರ್ ಇರಬಹುದು, ಮೂಳೆಯೊಳಗಿನ ಮಜ್ಜೆ ತೆಗೆದು ನೋಡಬೇಕು, ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಎಂದರು. ಗಾಡಿಯಲ್ಲಿ ಮೂರು ಮೈಲಿ ಬಂದದ್ದಕ್ಕೇ ಕಣ್ಣು ಮೇಲೆ ಮಾಡಿದ್ದವಳು ಅಷ್ಟು ದೂರ ಹೋಗಿ ಉಳಿಯುತ್ತಿದ್ದಳೇ ಎಂಬುದನ್ನು ಇಂದಿಗೂ ನಾನು ಯೋಚಿಸಲಾರೆ.

ರಕ್ತ ತೆಗೆಯಲು ಹೋದ ಮೇಡಂ ಅವರು ಎಂದಿನಂತೆ, ಏನು ತಿಂತೀಯಮ್ಮ ಎಂದು ಕೇಳಿದರು. ಉತ್ತರ ಕೊಟ್ಟವಳು ಅತ್ತೆ.

“ತಿನ್ನೋದೇನು ಬಂತು ಮೇಡಂ, ಅಚ್ಚಿನ ಮಣ್ಣು ತಿಂತಾಳೆ! ಸೆರಗಲ್ಲಿ ಕಟ್ಕೊಂಡು ತಿಂತಾಳೆ. ಜನ ನಗ್ತಾರೆ ಕಣೇ ಅಂದ್ರೂ ಕೇಳಲ್ಲ. ಮನೇಲಿ ಅನ್ನ ಹಾಕಲ್ವೇನೋ ಅನ್ನೋ ಹಾಗೆ.”

“ಬಾಯಿ ತಡೆಯಲ್ಲ ಅತ್ತೆ” ಎಂದಳು ಸೊಸೆ, ಕಣ್ಣು ಬಿಡದೆ.

ರಕ್ತದಲ್ಲಿ ಕಬ್ಬಿಣದ ಅಂಶ ತೀರ ಇಳಿದಾಗ ಕೆಲವರಿಗೆ ಮಣ್ಣು ತಿನ್ನುವ ಆಸೆ ಹುಟ್ಟುತ್ತದೆ. ಮೇಡಂ ಅವರು ಹೊದಿಕೆ ಸರಿಸಿ ಅವಳ ಪಾದ ನೋಡಿದರು. ಬೆರಳ ಸಂದಿಯಲ್ಲಿ ಕೆರೆದು ಕೆರೆದು ಗಾಯವಾಗಿತ್ತು. ಅವಳ ಮಾದರಿ ತರಿಸಿ, ಬರಿಯ ಉಪ್ಪುನೀರಿನಲ್ಲಿ ಕಲಸಿ, ಆ ಕ್ಷಣವೇ ನೋಡಿದರು. ಆಮೇಲೆ ಎದ್ದು ನನ್ನನ್ನು ತಮ್ಮ ಸ್ಟೂಲಿನ ಮೇಲೆ ಕೂರಿಸಿದರು. ನೋಡಿದೆ. ತೆಳುವಾದ ಸಿಪ್ಪೆ, ಒಳಗೆ ನಾಲ್ಕು ಕೋಶ, ಗಾಜಿನ ಮೇಲೆ ಬರೆದಷ್ಟು ಸ್ಪಷ್ಟ. ಸ್ಲೈಡನ್ನು ಎತ್ತ ಸರಿಸಿದರೂ ಅವೇ. ರಿಜಿಸ್ಟರು ತೆರೆದರೆ ಆ ಹೆಂಗಸು ನನ್ನ ನಲವತ್ತೆರಡು ಜನರಲ್ಲಿ ಹದಿನೇಳನೆಯವಳು. ‘ಕೊಕ್ಕೆಹುಳು ಇಲ್ಲ.’ ಅಕ್ಷರ ನನ್ನದು.

“ಎಷ್ಟು ಗಂಟೆಗೆ ನೋಡಿದೆ?” ಎಂದು ಮೇಡಂ ಅವರು ಕೇಳಿದರು. ಹನ್ನೆರಡೂವರೆ ಎಂದು ಪುಟದಲ್ಲಿ ಬರೆದಿತ್ತು. ಅದರ ಮೇಲೆ ಅವರು ಬೆರಳಿಟ್ಟಿದ್ದರು.

“ಮೂರೂವರೆ ಮೇಲಾಗಿತ್ತು ಮೇಡಂ.”

ಅವರು ರಿಜಿಸ್ಟರು ಮುಚ್ಚಿಟ್ಟರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. “ಹೋಗಿ ಮುಖ ತೊಳ್ಕೊಂಡು ಬಾ, ಕೆಲಸ ಇದೆ” ಎಂದರು. ಆ ದಿನವೇ ಆ ಹೆಂಗಸಿಗೆ ರಕ್ತ ಕೊಡಿಸಿದರು, ಮಾತ್ರೆ ಶುರುವಾಯಿತು. ಅದೇ ಮಧ್ಯಾಹ್ನ ಆರೋಗ್ಯ ಕಚೇರಿಗೆ ನಾಲ್ಕು ಸಾಲಿನ ಪತ್ರ ಬರೆದರು. ನನ್ನ ಪ್ರಯೋಗಾಲಯದ ವರದಿ ತಪ್ಪು, ಅದನ್ನು ಹಿಂಪಡೆಯುತ್ತಿದ್ದೇನೆ, ಗೂಡಿನ ಎಲ್ಲರ ಮರುಪರೀಕ್ಷೆ ಮಾಡಿ ಕೊಡುತ್ತೇನೆ, ಜವಾಬ್ದಾರಿ ನನ್ನದು ಎಂದು. ನನ್ನ ಹೆಸರನ್ನೂ ಬರೆಯಿರಿ ಎಂದು ನಾನು ಹೇಳಿದ್ದು ನಿಜ. ಎಷ್ಟು ಮೆಲ್ಲಗೆ ಹೇಳಿದೆ ಎಂಬುದೂ ನನಗೆ ನೆನಪಿದೆ.

“ನೀನಿನ್ನೂ ಕಾಯಂ ಆಗಿಲ್ಲ” ಎಂದರು. “ನಿನ್ನ ಹೆಸರು ಬರೆದ್ರೆ ನಾಳೆನೇ ಮನೆಗೆ ಕಳಿಸ್ತಾರೆ, ಮನೇಲಿ ಅಮ್ಮ ಹಾಸಿಗೆ ಹಿಡಿದಿದ್ದಾರೆ. ನನ್ನನ್ನ ಕಳಿಸೋಕಾಗಲ್ಲ, ಬೈತಾರೆ ಅಷ್ಟೆ. ಆದ್ರೆ ಒಂದು ಕೆಲಸ ನೀನು ಮಾಡ್ಬೇಕು. ಆ ಹುಡುಗಿ ಮನೆಗೆ ಹೋದ ಮೇಲೆ ವಾರಕ್ಕೊಂದ್ಸಲ ಗೂಡಿಗೆ ನಡ್ಕೊಂಡು ಹೋಗಿ ಅವಳ ರಕ್ತ ನೀನೇ ನೋಡು. ಹತ್ತು ದಾಟೋವರೆಗೂ ನೋಡು.”

ಮರುಪರೀಕ್ಷೆಯಲ್ಲಿ ನಲವತ್ತೆರಡರಲ್ಲಿ ಮೂವತ್ತೊಂದು ಜನರಿಗೆ ಕೊಕ್ಕೆಹುಳು ಇದ್ದದ್ದು ತಿಳಿಯಿತು. ತಪ್ಪು ಯಾರದಿರಬಹುದೆಂದು ಕಾರಿಡಾರಿನಲ್ಲಿ ಗುಸುಗುಸು ನಡೆದಾಗಲೆಲ್ಲ ನಾನು ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಯಾರೂ ನನ್ನ ಕಡೆ ನೋಡಲಿಲ್ಲ. ಮೇಲಧಿಕಾರಿಗಳು ಮೇಡಂ ಅವರನ್ನು ಕರೆಸಿ, ಕಿರಿಯರೆದುರು ನಿಲ್ಲಿಸಿ, ನಿರ್ಲಕ್ಷ್ಯ ಎಂಬ ಶಬ್ದವನ್ನು ಮೂರು ಸಲ ಹೇಳಿ, ಸೇವಾ ಪುಸ್ತಕದಲ್ಲಿ ಬರೆದರು. ಆ ವರ್ಷ ಆರಂಭವಾಗುತ್ತಿದ್ದ ತರಬೇತಿ ಕೇಂದ್ರಕ್ಕೆ ಅವರೇ ಮುಖ್ಯಸ್ಥೆ ಎಂಬುದು ಅಲ್ಲಿಯವರೆಗೆ ಎಲ್ಲರಿಗೂ ಗೊತ್ತಿದ್ದ ಸಂಗತಿ. ಆ ಹುದ್ದೆ ಬೇರೆಯವರಿಗೆ ಹೋಯಿತು, ಅವರ ಬಡ್ತಿ ಏಳು ವರ್ಷ ಹಿಂದೆ ಬಿತ್ತು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಂಡವರು ಅವರು.

ನಾನು ಹದಿನಾಲ್ಕು ವಾರ ಗೂಡಿಗೆ ನಡೆದೆ. ಆ ಹೆಂಗಸು ನನಗೆ ‘ಸೂಜಿಯಣ್ಣ’ ಎಂದು ಹೆಸರಿಟ್ಟಳು. ಆರು, ಆರೂವರೆ, ಏಳೂಕಾಲು ಎಂದು ಅಂಕಿ ಏರುವುದನ್ನು ನೋಡಲು ನಾನು ಹೋಗುವ ದಾರಿಯಲ್ಲಿ ಪಡುತ್ತಿದ್ದಷ್ಟು ಕಾತರವನ್ನು ನನ್ನ ಪರೀಕ್ಷೆಯ ಫಲಿತಾಂಶಕ್ಕೂ ಪಟ್ಟವನಲ್ಲ. ಎಂಟನೆಯ ವಾರ ಅವಳು ನಿಂತು ಅಚ್ಚು ಹಾಕುತ್ತಿದ್ದಳು. ಹನ್ನೊಂದನೆಯ ವಾರ, “ಈಗ ಮಣ್ಣು ಕಂಡ್ರೆ ವಾಕರಿಕೆ ಬರತ್ತೆ ಸೂಜಿಯಣ್ಣ, ಹೆಂಗೆ ತಿಂದೆನೋ” ಎಂದು ನಕ್ಕಳು. ಅತ್ತೆಯೂ ನಕ್ಕಳು. ಅವರಿಬ್ಬರ ಎದುರಿಗೆ ನನ್ನ ತಪ್ಪನ್ನು ಹೇಳಬೇಕೆಂದು ಪ್ರತಿ ವಾರ ಹೊರಡುತ್ತಿದ್ದೆ, ಹೇಳದೆ ಬರುತ್ತಿದ್ದೆ. ಹದಿನಾಲ್ಕನೆಯ ವಾರ ಅಂಕಿ ಹತ್ತು ದಾಟಿತು. ಮುಂದಿನ ವರ್ಷ ಗೂಡು ಬೇರೆಡೆಗೆ ಹೋಯಿತು, ಅವರೂ ಹೋದರು. ಅವಳಿಗೆ ಹೇಳದೆ ಉಳಿದದ್ದಕ್ಕೆ ನನಗೆ ಇಂದಿಗೂ ನಾಚಿಕೆಯಾಗುತ್ತದೆ.

ಮೇಡಂ ಅವರ ಸೇವೆಯ ಉತ್ತರಾರ್ಧ ಎಲ್ಲರಿಗೂ ತಿಳಿದದ್ದೇ. ಮಾತ್ರೆ ಹುಳುವನ್ನು ಹೊರಗೆ ಹಾಕುತ್ತದೆ, ಕಕ್ಕಸು ಮತ್ತು ಚಪ್ಪಲಿ ಅದನ್ನು ಒಳಗೆ ಬರಲು ಬಿಡುವುದಿಲ್ಲ ಎಂದು ಅವರು ಕಚೇರಿಯಿಂದ ಕಚೇರಿಗೆ ಅಲೆದು, ಅಲ್ಲಿ ಉಳಿದಿದ್ದ ಎರಡು ಗೂಡುಗಳ ಮಾಲೀಕರ ಬೆನ್ನು ಬಿಡದೆ ಕಾಡಿ, ಹನ್ನೆರಡು ಕಕ್ಕಸುಗಳನ್ನು ಕಟ್ಟಿಸಿದರು. ಮಾಲೀಕರಲ್ಲೊಬ್ಬ ಅವರು ಗೇಟಿನ ಬಳಿ ಕಂಡರೆ ಹಿಂಬಾಗಿಲಿನಿಂದ ಹೋಗುತ್ತಿದ್ದನಂತೆ. ಅವರು ಹಿಂಬಾಗಿಲಿನಲ್ಲಿಯೇ ಸ್ಟೂಲು ಹಾಕಿ ಕುಳಿತರಂತೆ. ಶಾಲೆಗಳಲ್ಲಿ ಮಕ್ಕಳ ಎತ್ತರ ಅಳೆದು, ಹುಳು ಹೋದ ಮೇಲೆ ಮತ್ತೆ ಅಳೆದು, ವ್ಯತ್ಯಾಸವನ್ನು ಗೋಡೆಯ ಮೇಲೆ ಗೆರೆ ಹಾಕಿ ತಾಯಂದಿರಿಗೆ ತೋರಿಸಿದರು. ಕಡೆಗೆ ತರಬೇತಿ ಕೇಂದ್ರಕ್ಕೂ ಅವರು ಹೋದರು, ಆದರೆ ಮುಖ್ಯಸ್ಥೆಯಾಗಿ ಅಲ್ಲ, ಬುಧವಾರ ಬುಧವಾರ ಪಾಠ ಹೇಳುವವರಾಗಿ. ಅಲ್ಲಿ ಅವರು ಪ್ರತಿ ತಂಡಕ್ಕೂ ಮೊದಲ ಪಾಠವಾಗಿ ಆ ತಪ್ಪು ವರದಿಯನ್ನೇ ಹೇಳುತ್ತಿದ್ದರು. “ನಾನು ಹೀಗೆ ಒಂದು ತಪ್ಪು ಮಾಡಿದ್ದೆ” ಎಂದು ಆರಂಭಿಸುತ್ತಿದ್ದರು. ನಾನು ಹಿಂದಿನ ಬೆಂಚಿನಲ್ಲಿ ಸ್ಲೈಡುಗಳ ಪೆಟ್ಟಿಗೆ ಹಿಡಿದು ಕುಳಿತಿರುತ್ತಿದ್ದೆ. ಹದಿನೇಳು ತಂಡಗಳ ಮುಂದೆ ಅವರು ಆ ವಾಕ್ಯ ಹೇಳಿದ್ದನ್ನು ಕೇಳಿಸಿಕೊಂಡು ಸುಮ್ಮನಿದ್ದೆ. ತಾಯಿ ಇದ್ದಾರೆ ಎಂಬುದು ಮೊದಲು ನೆಪ. ಅವರು ತೀರಿಕೊಂಡ ಮೇಲೆ ಮಕ್ಕಳು ಓದುತ್ತಿದ್ದಾರೆ ಎಂಬುದು ನೆಪ. ಅದೂ ಮುಗಿದ ಮೇಲೆ, ಇಷ್ಟು ವರ್ಷ ಆದ ಮೇಲೆ ಯಾಕೆ ಎಂಬುದು ನೆಪ. ಹೇಡಿತನಕ್ಕೆ ನೆಪದ ಬರವಿಲ್ಲ.

ಹೋದ ವಾರ ಅವರ ಮನೆಗೆ ಹೋಗಿ ಈ ಲೇಖನದ ವಿಷಯ ತಿಳಿಸಿದೆ. ಅವರು ಪತಿಯ ಹೊಲಿಗೆ ಯಂತ್ರದ ಪಕ್ಕ ಕುಳಿತು ಗುಂಡಿ ಹಾಕುತ್ತಿದ್ದರು. “ಹಳೇದನ್ನ ಯಾಕೋ ಕೆದಕ್ತೀಯ, ನನಗೇನೂ ಬೇಜಾರಿಲ್ಲ” ಎಂದರು. ನಾನು ಏನೋ ಹೇಳಲು ಹೋಗುವಷ್ಟರಲ್ಲಿ, ಇಷ್ಟು ವರ್ಷ ಈ ವಿಷಯದಲ್ಲಿ ಒಂದು ಮಾತೂ ಆಡದ ಅವರ ಯಜಮಾನರು ಯಂತ್ರ ನಿಲ್ಲಿಸಿ ಹೇಳಿದರು:

“ಅವಳಿಗೆ ಬೇಜಾರಿಲ್ಲ ಅನ್ನೋದು ಸುಳ್ಳು. ಕಿರಿಯರ ಮುಂದೆ ನಿಲ್ಲಿಸಿದ ದಿನ ಮನೆಗೆ ಬಂದು ಊಟ ಮಾಡ್ಲಿಲ್ಲ ಇವಳು. ಬರಿಯಪ್ಪಾ. ಬರಿ.”

ಮೇಡಂ ಅವರು ತಲೆ ತಗ್ಗಿಸಿ ದಾರ ಕಡಿದರು. ಬೇಡ ಎಂದು ಮತ್ತೆ ಹೇಳಲಿಲ್ಲ.

ಇಂದು ಬೆಳಿಗ್ಗೆ ನಿರ್ದೇಶಕರ ಕಚೇರಿಗೆ ಹೋಗಿ ಅರ್ಜಿಯೊಂದನ್ನು ಕೊಟ್ಟು ಬಂದಿದ್ದೇನೆ. ನಡೆದದ್ದನ್ನೆಲ್ಲ ಬರೆದು, ಆ ಕೆಂಪು ಟಿಪ್ಪಣಿಯನ್ನು ಅವರ ಸೇವಾ ಪುಸ್ತಕದಿಂದ ತೆಗೆದು ನನ್ನದರಲ್ಲಿ ಬರೆಯಬೇಕೆಂದು ಕೇಳಿದ್ದೇನೆ. ನನಗೆ ಕೊಟ್ಟ ಹುದ್ದೆಯ ಆದೇಶ ಉಳಿಯುತ್ತದೋ ಇಲ್ಲವೋ ತಿಳಿಯದು. “ಹೋದ್ರೆ?” ಎಂದು ನನ್ನ ಹೆಂಡತಿ ಕೇಳಿದಳು. ಹೋಗಲಿ ಎಂದೆ. ಈ ಸಲ ಗಟ್ಟಿಯಾಗಿಯೇ ಹೇಳಿದೆ.

ಮೇಡಂ ಅವರು ಆಯುರಾರೋಗ್ಯದಿಂದ ಬಹುಕಾಲ ಬಾಳಲಿ. ಅವರ ಕಣ್ಣು ಹೀಗೆಯೇ ಚುರುಕಾಗಿರಲಿ, ಬುಧವಾರದ ಪಾಠ ನಿಲ್ಲದಿರಲಿ, ಅವರ ಯಜಮಾನರು ಊಟದ ತಟ್ಟೆಯ ಮುಂದೆ ಇನ್ನೂ ನೂರು ಕಥೆ ಕೇಳುವಂತಾಗಲಿ. ಸನ್ಮಾನದ ಸಭೆಯಲ್ಲಿ ಮಾತನಾಡಲಿರುವ ಹಿರಿಯರಲ್ಲಿ ನನ್ನದೊಂದು ವಿನಂತಿ. ಎಷ್ಟೇ ಒಳ್ಳೆಯವರಾದರೂ ಒಂದು ತಪ್ಪು ಆಗಿಯೇ ಆಗುತ್ತದೆ, ಅದನ್ನು ನಾವು ಮರೆಯೋಣ ಎಂದು ಯಾರಾದರೂ ಹೇಳಬೇಕೆಂದಿದ್ದರೆ, ದಯವಿಟ್ಟು ವೇದಿಕೆಯ ಮೇಲಿರುವ ಅವರ ಕಡೆ ನೋಡಿ ಹೇಳಬೇಡಿ. ಕೆಳಗೆ ಮೊದಲ ಸಾಲಿನಲ್ಲಿ ನಾನಿರುತ್ತೇನೆ, ನನ್ನ ಕಡೆ ನೋಡಿ ಹೇಳಿ.